ದ್ರಾಕ್ಷಿಗೆ ಸಿಕ್ಕ ತಾಡಪತ್ರಿ

ಬಯಲಾಗ ಮಲಗೂ ಹುಚ್ಚು ನನಗ. ಟೆಂಟು ಬೆನ್ನಿಗೆ ಭಾರ ಅಂತ ಗಾಂಧಿ ಚೌಕದ ಅಂಗಡ್ಯಾಗ ಹಗುರ ತಾಡಪತ್ರಿ ಹುಡುಕಾಕತ್ತಿದ್ದೆ. ಅಂಥಾದ್ದು ಒಂದ ಉಳದಿತ್ತು. ಅದನ್ನ ಟಿಕೋಟಾದ ಹೆಣ್ಮಗಳೊಬ್ಬಾಕಿ ಬಗಲಾಗ ಹಿಡ್ಕೊಂಡು ನಿಂತಿದ್ಲು.

"ಅಕ್ಕಾರ, ಅದನ್ನ ನನಗ ಬಿಟ್ಟಕೊಡ್ರಿ. ಗುಡ್ಡದಾಗ ಮಲಗಾಕ ಬೇಕಾಗೇತಿ."

"ಮನಿ ಇಲ್ಲೇನೋ ತಮ್ಮಾ?"

"ಐತ್ರಿ."

"ಮತ್ತ ಅಲ್ಲೇ ಮಲಗು. ನಾ ದ್ರಾಕ್ಷಿ ಒಣಗಾಕ ಹಾಕೇನಿ. ಮಳಿ ಬಂದ್ರ ಅವು ಎಲ್ಲಿ ಹೋಗಬೇಕು?"

ನಾನು ದಪ್ಪಂದ ತಗೊಂಡೆ. ಮುಂದಿನ ವಾರ ಅದನ್ನ ಹೊತ್ಕೊಂಡು, ಬೆವರ ಒರಸ್ಕೋತ ಟಿಕೋಟಾ ದಾಟುವಾಗ ರಸ್ತೆ ಬಾಜೂಕಿನ ಹೊಲದಾಗ ಅಕಿ ಕಂಡ್ಲು. ನನಗ ಸಿಗದ ಆ ಹಗುರ ತಾಡಪತ್ರಿ ಹೊದ್ಕೊಂಡು ದ್ರಾಕ್ಷಿ ಆರಾಮ ಮಲಗಿದ್ವು.

ಮಂದಿ ಕಾರು, ಬಂಗಲೆ ನೋಡಿ ಹೊಟ್ಟಿ ಉರಕೋತಾರ. ನಾನು ದ್ರಾಕ್ಷಿ ನೋಡಿ ಉರಕೊಂಡೆ. ಈಗೂ ರವಾ ಶಿರಾದಾಗ ಒಣದ್ರಾಕ್ಷಿ ಸಿಕ್ರ, ಬೇಕಾದ್ದಕ್ಕಿಂತ ಜೋರಾಗೇ ಅಗಿತೀನಿ.