ತರ್ಪಣದ ಸಾಲಿನಲ್ಲಿ ಮಲತಂದೆ ಎಲ್ಲಿ?

"ಶಾಸ್ತ್ರಿಗಳೇ, ನಿಮ್ಮ ಲಿಸ್ಟಲ್ಲಿ ಮಲತಂದೆ ಎಲ್ಲಿ ಬರ್ತಾರೆ?"

ಪಿತೃಪಕ್ಷದ ಬೆಳಗ್ಗೆ ಕೇದಾರ ಘಾಟಿನ ಮೆಟ್ಟಿಲ ಮೇಲೆ, ತರ್ಪಣಕ್ಕೆ ಕೂತ ಅಪ್ಪನ ಬೆನ್ನ ಹಿಂದಿನಿಂದ ಮೀರಾ ಕೇಳಿದ ಪ್ರಶ್ನೆ ಇದು. ನಗುತ್ತಲೇ ಕೇಳಿದಳು ಎಂದು ನನ್ನ ನೆನಪು. (ನಗಲಿಲ್ಲ ಎನ್ನುತ್ತಾರೆ ನನ್ನ ಗಂಡ. ವಾರ ಕಳೆಯುವುದರೊಳಗೆ ನೆನಪು ಎರಡಾದರೆ ಯಾವುದನ್ನು ನಂಬಲಿ?)

ಶಾಮರಾಯರು ಉತ್ತರ ಭಾರತದ ಈ ಊರಿನ ಶಿವಾಲ ಬಡಾವಣೆಯಲ್ಲಿ ನಮ್ಮ ನೆರೆಯವರು. ಮೈಸೂರಿನಿಂದ ಬಂದು ಇಲ್ಲಿನ ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಪಾಠ ಮಾಡುವವರು. ಮೀರಾ ಅವರ ಹೆಂಡತಿಯ ಮೊದಲ ಮದುವೆಯ ಮಗಳು. ಪುಟ್ಟ ಮಗುವಾಗಿ ಈ ಮನೆಗೆ ಬಂದಳು. ಆಮೇಲೆ ತಮ್ಮ ಗೌತಮ ಹುಟ್ಟಿದ. ಹೋದ ವರ್ಷ ತಾಯಿ ತೀರಿಕೊಂಡರು. ರಾಯರನ್ನು ಅವಳು ಕರೆಯುವುದು 'ಅಣ್ಣ' ಎಂದು, ನಮ್ಮ ಹಳೆಯ ಮನೆಗಳಲ್ಲಿ ಅಪ್ಪನನ್ನು ಕರೆಯುತ್ತಿದ್ದ ಹಾಗೆ. ಈಗ ಲಾ ಓದುತ್ತಿದ್ದಾಳೆ. ಪ್ರಶ್ನೆಗಳಿಗೆ ಬರವಿಲ್ಲ.

ಶಾಸ್ತ್ರಿಗಳು ಅಪ್ಪ, ಅಜ್ಜ, ಅಮ್ಮ ಎಂದು ಹೇಳಿಸುತ್ತಾ ಮಲತಾಯಿಗೆ ಬಂದಿದ್ದರು. ರಾಯರಿಗೂ ಒಬ್ಬ ಮಲತಾಯಿ ಇದ್ದರು. ಅವರ ಹೆಸರಿಗೂ ಎಳ್ಳುನೀರು ಬಿಟ್ಟರು. ಮುಂದೆ ಮಾವ, ಅಳಿಯ, ಗುರು, ಗೆಳೆಯ. ಎಲ್ಲರಿಗೂ ಜಾಗವಿದೆ. ಮಲತಂದೆಗೆ?

ಶಾಸ್ತ್ರಿಗಳು ಯೋಚಿಸಿ, ಗೆಳೆಯರ ಸಾಲಿಗೆ ಸೇರಿಸಬಹುದು ಎಂದರು.

"ನಾನಿನ್ನೂ ಇದ್ದೀನಿ, ಅವಸರ ಬೇಡ" ಎಂದರು ರಾಯರು.

ವಾಪಸ್ ಬಂದು ಅವರ ಮನೆಯಲ್ಲಿ ಕಾಫಿ ಕುಡಿಯುವಾಗ ಮೀರಾ ಮತ್ತೆ ಶುರುಮಾಡಿದಳು. ಕಾನೂನೂ ಹೀಗೆಯೇ ಅಂತೆ. ಮಲತಾಯಿಗೆ ಸ್ವಂತ ಮಕ್ಕಳಿಲ್ಲದಿದ್ದರೆ ಅವಳ ಆಸ್ತಿ ಗಂಡನ ಕಡೆಯಿಂದ ಸುತ್ತಿಕೊಂಡು ಮಲಮಕ್ಕಳಿಗೆ ಬರಬಹುದು. ಮಲತಂದೆಯದು ಬರುವುದಿಲ್ಲ.

"ಅಣ್ಣ ಏನೂ ಬರೆದಿಡದೆ ಹೋದ್ರೆ ಈ ಮನೆ ಪೂರಾ ಗೌತಮನದು ಆಂಟಿ. ನಾನು ಬಾಡಿಗೆ ಕೊಡೋ ಕಿರಾಯೇದಾರ್ ಕೂಡ ಅಲ್ಲ."

ರಾಯರು ಲೋಟ ಕೆಳಗಿಟ್ಟರು. "ನಿನ್ನ ಇನಿಷಿಯಲ್ ಬದಲಾಯಿಸಿದ್ದೀನಲ್ಲಮ್ಮ?"

ಸ್ಕೂಲಿಗೆ ಸೇರಿಸುವಾಗ ತೀರಿಹೋದ ತಂದೆಯ ಅಕ್ಷರ ತೆಗೆಸಿ ತಮ್ಮದು ಹಾಕಿಸಿದ್ದರು. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡಿದ್ದರು. (ನಾನೂ ಅಂದುಕೊಂಡಿದ್ದೆ. ಇನಿಷಿಯಲ್ ಎಂದರೆ ಏನೆಂದೇ ಕೇಳುವ ಈ ಊರಿನಲ್ಲಿ ಕೂತು!)

"ಅದು ಸ್ಕೂಲಿಗೆ ಗೊತ್ತು ಅಣ್ಣ. ಕೋರ್ಟಿಗೆ ಗೊತ್ತಿಲ್ಲ."

ನನಗೆ ನಂಬಿಕೆ ಬರಲಿಲ್ಲ. ಯೂನಿವರ್ಸಿಟಿ ಪಕ್ಕದ ಲಂಕಾ ಪೇಟೆಯ ಪುಸ್ತಕದಂಗಡಿಯಿಂದ ಉತ್ತರಾಧಿಕಾರ ಕಾಯಿದೆಯ ತೆಳು ಪುಸ್ತಕ ತಂದು ಓದಿದೆ. ಹುಡುಗಿ ಹೇಳಿದ್ದೇ ಸರಿ. ಚಿಕ್ಕವಳಿದ್ದಾಗ ದತ್ತು ತೆಗೆದುಕೊಳ್ಳಬಹುದಿತ್ತು. ಹದಿನೈದು ದಾಟಿದ ಮೇಲೆ ಅದೂ ಸುಲಭವಲ್ಲ. ಉಳಿದದ್ದು ಉಯಿಲು. ಸ್ವಂತ ದುಡಿಮೆಯ ಮನೆಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಮೀರಾಗೆ ಬರೆಯಬಹುದು, ಪಕ್ಕದ ಮನೆಯ ನನಗೂ ಬರೆಯಬಹುದು. ಅಂದರೆ ಕಾನೂನಿನ ಲೆಕ್ಕದಲ್ಲಿ ಅವಳೂ ನಾನೂ ಒಂದೇ? ಶಾಸ್ತ್ರಿಗಳ ಗೆಳೆಯರ ಸಾಲು ನೆನಪಾಯಿತು.

ಅದನ್ನೇ ರಾಯರಿಗೆ ಹೇಳಿದೆ. ಉಯಿಲಿನ ಮಾತು ಅವರಿಗೆ ಹಿಡಿಸಲಿಲ್ಲ. ಮೀರಾ, ನನ್ನ ಗಂಡ ಇಬ್ಬರೂ ಅಲ್ಲೇ ಇದ್ದರು.

"ಇಬ್ಬರು ಮಕ್ಕಳ ಹೆಸರನ್ನ ಬೇರೆ ಬೇರೆ ಮಾಡಿ ಕಾಗದದಲ್ಲಿ ಬರೆದಿಟ್ರೆ ನಾನೇ ಭೇದ ಮಾಡಿದ ಹಾಗಲ್ವೇನಮ್ಮ?"

"ಬರೀದಿದ್ರೆ ಮಾಡಿದ ಹಾಗೆ, ಅಣ್ಣ."

ಈ ಸಲ ಅವಳು ನಗಲಿಲ್ಲ. ಇದರಲ್ಲಿ ನನ್ನ ನೆನಪೂ ಗಂಡನ ನೆನಪೂ ಒಂದೇ.

ಮಾರನೆಯ ಬೆಳಗ್ಗೆ ರಾಯರು ಕ್ಲಾಸಿಗೆ ರಜೆ ಹಾಕಿ, ಕೋರ್ಟಿನ ಹತ್ತಿರದ ವಕೀಲರನ್ನು ನೋಡಲು ರಿಕ್ಷಾ ಹತ್ತಿದರು.

ಪ್ರೀತಿಯಲ್ಲಿ ಭೇದವಿಲ್ಲ ಎಂದು ನೆಮ್ಮದಿಯಾಗಿ ಕೂತಿರುವ ಉಳಿದ ಅಪ್ಪಂದಿರೇ, ನಿಮ್ಮ ಮನೆಯ ಮೀರಾ ಯಾವ ಸಾಲಿನಲ್ಲಿದ್ದಾಳೆ?