ಕಬ್ಬಿಣಕ್ಕೆ ಹೆದರದ ಬಣ್ಣ

ಯಾವ ಬಟ್ಟೆ ಕಣ್ಣಿಗೆ ಬಿದ್ದರೂ ಲಲಿತಕ್ಕ ಮೊದಲು ಅದರ ಅಂಚನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಉಜ್ಜುತ್ತಿದ್ದರು. ಅದು ಯಾರ ಮೈಮೇಲಿದೆ ಎಂಬ ಸಂಕೋಚ ಅವರಿಗಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸಿನ ಸೆರಗನ್ನೂ, ಮದುವೆಮನೆಯಲ್ಲಿ ಮದುಮಗಳ ಸೀರೆಯನ್ನೂ, ಒಮ್ಮೆ ನಮ್ಮ ಮನೆಗೆ ಬಂದಿದ್ದ ಪುರೋಹಿತರ ಶಾಲನ್ನೂ ಹಾಗೆಯೇ ಹಿಡಿದಿದ್ದರು. ಉಜ್ಜಿ, ಬೆರಳಿಗೆ ಏನಾದರೂ ಅಂಟಿತೇ ಎಂದು ನೋಡಿಕೊಂಡು, ಆಮೇಲೆ ಕೇಳುತ್ತಿದ್ದರು.

“ಇದು ಯಾವುದರ ಮಗಳು?”

ಕೆಂಪು ಎಂದೋ ಕಂದು ಎಂದೋ ಹೇಳಿದರೆ ಅವರಿಗೆ ಸಿಟ್ಟು. “ಕೆಂಪು ಅನ್ನೋದು ಹೆಸರಲ್ಲ ಮಾರಾಯ್ತಿ, ಮುಖ. ಬರೀ ಮುಖ ನೋಡಿ ಯಾರ ಮನೆಯೋಳು ಅಂತ ಹೇಳೋಕೆ ಆಗ್ತದಾ?”

ಅವರ ಉಗುರುಗಳೆಲ್ಲ ಕಡುಕಂದು ಬಣ್ಣಕ್ಕಿದ್ದವು. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಮದರಂಗಿ ಹಾಕಿಸಿಕೊಂಡಿರಾ ಎಂದು ಯಾರಾದರೂ ಕೇಳಿದರೆ, “ಹೂಂ, ಅಡಿಕೆ ಮರ ಬಂದು ಹಾಕಿ ಹೋಯ್ತು” ಎನ್ನುತ್ತಿದ್ದರು.

ಬಣ್ಣ ಹಾಕುವ ಕೆಲಸಕ್ಕೆ ಇಳಿಯುವ ಮೊದಲು ಲಲಿತಕ್ಕ ಕೊಪ್ಪದ ಒಂದು ಸೀರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುತ್ತಿದ್ದವರು. ಅಲ್ಲಿಯ ಹೆಸರುಗಳನ್ನು ಅವರು ನಾಟಕದ ದನಿಯಲ್ಲಿ ಒಪ್ಪಿಸುತ್ತಿದ್ದರು: ರಾಮಾ ಗ್ರೀನ್, ಆನಂದ, ಕನಕಾಂಬರ, ಗಿಣಿ ಹಸಿರು. “ಗಿಣಿ ಹಸಿರು ಅಂತ ನಾನು ಮಾರ್ತಿದ್ದೆ. ಎದುರಂಗಡಿಯೋರು ಅದನ್ನೇ ಎಳೆ ಬಾಳೆ ಅಂತ ಮಾರ್ತಿದ್ರು. ಅದಕ್ಕೆ ಗಿಣೀನೂ ಗೊತ್ತಿಲ್ಲ, ಬಾಳೆನೂ ಗೊತ್ತಿಲ್ಲ. ಸೂರತ್ತಿನ ಯಾವುದೋ ಡ್ರಮ್ಮಿಂದ ಎದ್ದು ಬಂದದ್ದು.” ಆ ಹೆಸರುಗಳ ಮೇಲಿನ ಅಸಹ್ಯದಿಂದಲೇ ತಾನು ಅಂಗಡಿ ಬಿಟ್ಟೆ ಎಂದು ಅವರು ಹೇಳುತ್ತಿದ್ದರು. ಎಲ್ಲೋ ತರಬೇತಿ ಪಡೆದು ಬಂದು, ಶೆಟ್ಟಿಕೊಪ್ಪದಲ್ಲಿ ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯ ಶೆಡ್ಡು ಹಿಡಿದು, ಚೊಗರಿನಿಂದ ಸೀರೆಗೆ ಬಣ್ಣ ಹಾಕತೊಡಗಿದರು. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಮಂದವಾದ ಒಗರು ನೀರೇ ಚೊಗರು. ಸುಗ್ಗಿಯಲ್ಲಿ ಮುತ್ತಿನಕೊಪ್ಪ, ಕಡಹಿನಬೈಲುಗಳ ಮನೆಮನೆಗೆ ಹೋಗಿ ಕ್ಯಾನುಗಳಲ್ಲಿ ತುಂಬಿಸಿಕೊಂಡು ಬರುತ್ತಿದ್ದರು.

ನಾನು ಎಂಎಸ್ಸಿ ಮುಗಿಸಿ ಕೊಪ್ಪಕ್ಕೆ ವಾಪಸಾಗಿ ಮುಂದೇನು ಎಂದು ತಿಳಿಯದೆ ಇದ್ದ ದಿನಗಳು. ಅಮ್ಮ ಸೀರೆ ಕೊಳ್ಳಲು ಆ ಶೆಡ್ಡಿಗೆ ಹೊರಟಾಗ ಜೊತೆಗೆ ಹೋಗಿದ್ದೆ.

“ಓದಿದ್ದು ಎಂತ?” ಎಂದು ಲಲಿತಕ್ಕ ಕೇಳಿದರು.

“ಕೆಮಿಸ್ಟ್ರಿ.”

“ಹಂಗಾದ್ರೆ ನಾಳೆಯಿಂದ ಬಾ.”

ನಾನು ಹೋದೆ. ಯಾರೊಂದಿಗೂ ಸುಲಭವಾಗಿ ಬೆರೆಯದ ನನಗೆ ಆ ಶೆಡ್ಡಿನಲ್ಲಿ ಮಾತು ಬಂತು. ಕರಗುವುದು ಬಣ್ಣ, ಕರಗದೆ ಪುಡಿಯಾಗಿಯೇ ಉಳಿಯುವುದು ವರ್ಣದ್ರವ್ಯ ಎಂದು ನಾನು ಪಠ್ಯದಲ್ಲಿ ಓದಿದ್ದೆ. ಲಲಿತಕ್ಕ ಒಂದು ಲೋಟದಲ್ಲಿ ಕೆಮ್ಮಣ್ಣು, ಇನ್ನೊಂದರಲ್ಲಿ ಚೊಗರು ಕದಡಿ ಕಿಟಕಿಯಲ್ಲಿಟ್ಟರು. ಸ್ವಲ್ಪ ಹೊತ್ತಿಗೆ ಮಣ್ಣು ತಳಕ್ಕೆ ಕೂತಿತು. “ಇದು ಬಾಡಿಗೆಗೆ ಬಂದದ್ದು. ಗೋಡೆ ಮೇಲೆ ಅಂಟಿಕೊಂಡು ಇರ್ತದೆ, ಕೆರೆದ್ರೆ ಎದ್ದು ಹೋಗ್ತದೆ. ಚೊಗರು ಹಂಗಲ್ಲ, ನೂಲಿನ ಒಳಗೆ ಹೋಗಿ ಸಂಸಾರ ಹೂಡ್ತದೆ. ಆದ್ರೆ ಸಂಸಾರ ನಿಲ್ಲೋಕೆ ನಡುವೆ ಒಬ್ಬರು ಬೇಕು.” ಆ ಒಬ್ಬರು ಎಂದರೆ ಪಟಿಕ, ಸುಣ್ಣ ಅಥವಾ ಕಬ್ಬಿಣದ ನೀರು. ಬಣ್ಣವನ್ನೂ ನೂಲನ್ನೂ ಒಟ್ಟಿಗೆ ಹಿಡಿದಿಡುವ ಪದಾರ್ಥ. ಅದೇ ಚೊಗರು ಪಟಿಕದ ಜೊತೆ ಒಂದು ಬಣ್ಣ, ಸುಣ್ಣದ ಜೊತೆ ಕೆಂಪಗೆ ಇನ್ನೊಂದು, ಕಬ್ಬಿಣದ ಜೊತೆ ಹೊಗೆಗಪ್ಪು.

ಹಾಗಾಗಿ ಅವರು ಇಡುವ ಹೆಸರಿನಲ್ಲಿ ಹುಟ್ಟಿದ ಊರು, ಹುಟ್ಟಿದ ಗಿಡ, ಹಿಡಿದಿಟ್ಟ ಪದಾರ್ಥ ಎಲ್ಲವೂ ಇರಬೇಕಿತ್ತು. ಮುತ್ತಿನಕೊಪ್ಪ ಅಡಿಕೆ ಸುಣ್ಣ. ಕಡಹಿನಬೈಲು ಅಡಿಕೆ ಪಟಿಕ. ಸೀರೆಗೆ ಕಟ್ಟುವ ರಟ್ಟಿನ ಚೀಟಿಗಳ ಮೇಲೆ ಈ ಹೆಸರುಗಳನ್ನು ಬರೆಯುವ ಕೆಲಸ ನನ್ನದಾಯಿತು. ನನ್ನ ಅಕ್ಷರ ದುಂಡಗಿದೆ ಎಂದು ಅವರಿಗೆ ಹೆಮ್ಮೆ.

ನಮ್ಮ ಕೆಮಿಸ್ಟ್ರಿಯಲ್ಲಿಯೂ ಬಣ್ಣಗಳಿಗೆ ಹೆಸರಿಡುವ ಕ್ರಮವಿದೆ ಎಂದು ಒಂದು ದಿನ ನಾನು ಹೇಳಿದೆ. ಜಗತ್ತಿನ ಬಣ್ಣಗಳನ್ನೆಲ್ಲ ಬಳಸುವ ಬಗೆಯ ಮೇಲೆ ಗುಂಪು ಮಾಡಿ, ಛಾಯೆ ಸೇರಿಸಿ, ಅಂಕಿ ಕೊಟ್ಟಿದ್ದಾರೆ. ಅರಿಸಿನಕ್ಕೆ ಅಲ್ಲಿ ನ್ಯಾಚುರಲ್ ಯೆಲ್ಲೋ ತ್ರೀ ಎಂದು ಹೆಸರು.

“ಅದು ಹೆಸರಾ, ಜೈಲಲ್ಲಿ ಕೊಡೋ ನಂಬರಾ?” ಎಂದು ನಕ್ಕರು.

ನೀಲಿಯ ವಿಷಯವನ್ನೂ ಹೇಳಿದೆ. ಗಿಡದಿಂದ ಬಂದ ನೀಲಿಗೆ ನ್ಯಾಚುರಲ್ ಬ್ಲೂ ಒನ್, ಕಾರ್ಖಾನೆಯಲ್ಲಿ ತಯಾರಾದದ್ದಕ್ಕೆ ವ್ಯಾಟ್ ಬ್ಲೂ ಒನ್. ಲಲಿತಕ್ಕ ಚೊಗರು ಕಲಕುತ್ತಿದ್ದ ಕೋಲನ್ನು ನಿಲ್ಲಿಸಿದರು.

“ಒಳಗೆ ಎರಡೂ ಬೇರೆಯಾ?”

“ಇಲ್ಲ, ಒಂದೇ ಪದಾರ್ಥ.”

“ಒಂದೇ ಆದ್ರೂ ಹುಟ್ಟಿದ್ದು ಬೇರೆ ಕಡೆ ಅಂತ ಎರಡು ಹೆಸರು ಇಟ್ಟಿದ್ದಾರೆ. ಮರ್ಯಾದಸ್ಥರು ಕಣೇ ನಿಮ್ಮೋರು.”

ಆ ಮಾತನ್ನು ನಾನು ಬಹಳ ದಿನ ಜೊತೆಗಿಟ್ಟುಕೊಂಡಿದ್ದೆ.

ಶೆಡ್ಡಿಗೆ ಹೋದ ಹೊಸದರಲ್ಲಿ ಒಂದು ಅನಾಹುತ ಮಾಡಿದ್ದೆ. ಬಣ್ಣ ಹಾಕಿದ ಹಸಿ ದುಪಟ್ಟಾವನ್ನು ಹಿಂದಿನ ಬೇಲಿಯ ತುಕ್ಕು ಹಿಡಿದ ತಂತಿಯ ಮೇಲೆ ಹರವಿದೆ. ಎತ್ತುವಾಗ ಅಡ್ಡಕ್ಕೆ ಒಂದು ಕಪ್ಪು ಗೆರೆ ಮೂಡಿತ್ತು. ಒಗರಿನ ಪದಾರ್ಥ ಕಬ್ಬಿಣದೊಂದಿಗೆ ಸೇರಿದರೆ ಕಪ್ಪಾಗುತ್ತದೆ ಎಂಬುದು ನನಗೆ ಗೊತ್ತಿರಬೇಕಿತ್ತು. ಬೈಗುಳಕ್ಕೆ ಕಾದು ನಿಂತರೆ ಲಲಿತಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. “ಕಬ್ಬಿಣ ಕಂಡ ಕೂಡ್ಲೆ ಚೊಗರು ಮುಖ ಕಪ್ಪು ಮಾಡ್ಕೊಳ್ತದೆ. ಕಾರ್ಖಾನೆಯ ಪ್ಯಾಕೆಟ್ ಬಣ್ಣಗಳು ಯಾರು ಬಂದ್ರೂ ನಕ್ಕೊಂಡೇ ಇರ್ತಾವೆ. ಇದಕ್ಕೆ ಆ ನಾಟಕ ಬರೋದಿಲ್ಲ.” ಆಮೇಲೆ ಅದನ್ನು ನನ್ನ ಹೆಗಲಿಗೆ ಹಾಕಿದರು. “ನೀನೇ ಹೊದ್ಕೋ. ಹೆಸರು ಬರ್ಕೋ: ಕಡಹಿನಬೈಲು ಅಡಿಕೆ, ಪಟಿಕ, ಮತ್ತೆ ನಿನ್ನ ದಡ್ಡತನ.”

ಅಂದಿನಿಂದ ನಾನೂ ಗಿರಾಕಿಗಳಿಗೆ ತಪ್ಪದೆ ಹೇಳುತ್ತಿದ್ದೆ: ಕಬ್ಬಿಣದ ತಂತಿಯ ಮೇಲೆ ಒಣಗಿಸಬೇಡಿ, ಬೋರ್ ನೀರಿನಲ್ಲಿ ತೊಳೆಯಬೇಡಿ, ಆ ನೀರಿನಲ್ಲೂ ಕಬ್ಬಿಣವಿರುತ್ತದೆ, ಸೀರೆ ಕಪ್ಪಾಗುತ್ತದೆ.

ಮಾರಾಟ ಏರಿದ ಮೇಲೆ ಲಲಿತಕ್ಕ ಶೃಂಗೇರಿಯ ಬಸ್ ನಿಲ್ದಾಣದ ಹತ್ತಿರ ಒಂದು ಚಿಕ್ಕ ಮಳಿಗೆ ಹಿಡಿದರು. ಯಾತ್ರಿಕರು ಬರುವ ಜಾಗ. “ಅಲ್ಲಿ ನೀನೇ ನಿಲ್ಲಬೇಕು. ನಾನು ಹೇಳಿದ್ರೆ ವ್ಯಾಪಾರ ಅಂತಾರೆ, ನೀನು ಹೇಳಿದ್ರೆ ನಂಬ್ತಾರೆ” ಎಂದರು. ಕ್ರಮೇಣ ಶೆಡ್ಡಿನಲ್ಲಿ ಕೆಲಸದ ಹೆಂಗಸರು ಬಣ್ಣದ ಒಲೆ ಹಚ್ಚುವ ದಿನಗಳಲ್ಲೆಲ್ಲ ನಾನು ಶೃಂಗೇರಿಯಲ್ಲಿರುತ್ತಿದ್ದೆ. ಅದನ್ನು ನಾನು ನನಗೆ ಸಿಕ್ಕ ಗೌರವವೆಂದು ತಿಳಿದಿದ್ದೆ.

ನರಸಿಂಹರಾಜಪುರದ ಶಾಲಾ ಶಿಕ್ಷಕಿ ಸುಮಾ ಮೇಡಂ ಸೀರೆ ಕೊಂಡದ್ದು ಆ ಮಳಿಗೆಯಲ್ಲಿ. ಕಾರ್ಖಾನೆ ಬಣ್ಣದ ಬಟ್ಟೆ ಉಟ್ಟರೆ ತನಗೆ ಮೈಯೆಲ್ಲ ದದ್ದು ಏಳುತ್ತದೆ, ವರ್ಷಗಳಿಂದ ಬಿಳಿಯದನ್ನೇ ಹುಡುಕುತ್ತೇನೆ ಎಂದಿದ್ದರು. ಅಡಿಕೆ ಮತ್ತು ಸುಣ್ಣ ಬಿಟ್ಟು ಇದರಲ್ಲಿ ಬೇರೇನೂ ಇಲ್ಲ ಎಂದು ಅವರ ಕಣ್ಣು ನೋಡಿ ಹೇಳಿದವಳು ನಾನು. ಚೀಟಿಯ ಮೇಲಿದ್ದದ್ದೂ ನನ್ನದೇ ಅಕ್ಷರ.

ತಿಂಗಳು ಕಳೆದು ಅವರು ಅದೇ ಸೀರೆ ಉಟ್ಟು ಮಳಿಗೆಗೆ ಬಂದರು. ಅಂದು ಲಲಿತಕ್ಕನೂ ಇದ್ದರು. ಮೇಡಂ ನಗುತ್ತಲೇ ಒಳಗೆ ಬಂದರು.

“ಬೋರ್ ನೀರು ಬೇಡ ಅಂದಿದ್ರಿ. ನಮ್ಮಲ್ಲಿ ಬಾವಿ ಎಲ್ಲಿಂದ ತರೋದು? ಬಕೆಟ್ಟೇ ಕೆಂಪಾಗೋ ನೀರು ನಮ್ದು. ಹೆದರ್ಕೊಂಡೇ ತೊಳೆದೆ. ನೋಡಿ, ಒಂದು ಚೂರು ಕಪ್ಪಾಗಿಲ್ಲ. ತಂದ ದಿನ ಹೆಂಗಿತ್ತೋ ಹಂಗೇ ಇದೆ.”

ನಾನು ಸೆರಗನ್ನು ನೋಡಿದೆ. ಹೌದು, ಹಾಗೆಯೇ ಇತ್ತು. ಎಲ್ಲೂ ಮಬ್ಬಾಗದ, ಸಮನಾದ, ಸುಂದರವಾದ ಕೆಂಗಂದು.

“ಸೊಂಟದ ಹತ್ರ ಮಾತ್ರ ಸ್ವಲ್ಪ ತುರಿಕೆ. ಆ ಹಾಳು ನೀರಿಂದಲೇ ಇರಬೇಕು ಅಲ್ವಾ?” ಎಂದು ಮೇಡಂ ತೋಳನ್ನೂ ತೋರಿಸಿದರು. ಮೊಣಕೈಯ ಮಡಿಕೆಯಲ್ಲಿ ಕೆಂಪು ದದ್ದುಗಳಿದ್ದವು.

ನಾನು ಲಲಿತಕ್ಕನ ಕಡೆ ತಿರುಗಿದೆ. ಅವರು ನನ್ನ ಕಡೆ ನೋಡಲಿಲ್ಲ.

“ನೀರೇ ಮೇಡಂ. ಬೋರ್ ನೀರು ಒಬ್ಬೊಬ್ಬರಿಗೆ ಆಗೋದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ” ಎಂದರು.

“ಮೇಡಂ, ಇದನ್ನು ಇನ್ನು ಉಡಬೇಡಿ. ಇದು ಚೊಗರಲ್ಲ” ಎಂದೆ ನಾನು.

ಸಂಜೆಯ ಬಸ್ಸಿನಲ್ಲಿ ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಲಲಿತಕ್ಕ ನನ್ನ ಪಕ್ಕದಲ್ಲೇ ಕೂತರು. ಬಸ್ಸು ಊರು ದಾಟಿದ ಮೇಲೆ ನಾನು ಕೇಳಿದೆ.

“ಯಾವಾಗಿಂದ ಅಕ್ಕ?”

“ಎಂತ ಯಾವಾಗಿಂದ?” ಎಂದು ತೊಡೆಯ ಮೇಲಿನ ಗಂಟನ್ನು ಸರಿಮಾಡಿಕೊಂಡರು. ಆಮೇಲೆ ತಾವೇ ಹೇಳಿದರು. “ಮಂಗಳೂರಿನ ಅಂಗಡಿಯೋರು ಎಲ್ಲಾ ಸೀರೆ ಒಂದೇ ಬಣ್ಣಕ್ಕೆ ಬೇಕು ಅಂದ್ರು. ಚೊಗರು ಎಲ್ಲಾದ್ರೂ ಎರಡು ಸಲ ಒಂದೇ ಮುಖ ತೋರಿಸ್ತದಾ? ನೀನೇ ಹೇಳು.”

“ಪ್ಯಾಕೆಟ್ ಬಣ್ಣ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದರ ಹೆಸರಲ್ಲೇ ಮಾರಬಹುದಿತ್ತು.”

“ಆ ಹೆಸರಿಗೆ ಯಾರು ಬರ್ತಾರೆ ಮಾರಾಯ್ತಿ?”

“ನನಗಾದರೂ ಹೇಳಬಹುದಿತ್ತು.”

ಅವರು ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಆಗಲೂ ಪ್ರೀತಿಯೇ ಇತ್ತು. “ನಿಂಗೆ ಹೇಳಿದ್ರೆ ನೀನು ಹಂಗೆ ನಿಂತು ಹೇಳ್ತಿದ್ಯಾ? ನಿನ್ನ ಬಾಯಲ್ಲಿ ಸುಳ್ಳು ನಿಲ್ಲೋದಿಲ್ಲ. ಅದಕ್ಕೇ ಅಲ್ವನೇ ನಿನ್ನನ್ನೇ ಕಳಿಸಿದ್ದು.”

ಅದನ್ನವರು ಹೊಗಳಿಕೆಯಾಗಿಯೇ ಹೇಳಿದರು. ಬಣ್ಣಕ್ಕೂ ನೂಲಿಗೂ ನಡುವೆ ಒಬ್ಬರು ಬೇಕು ಎಂದಿದ್ದರಲ್ಲ. ನಾನು ಅವರ ಪಟಿಕವಾಗಿದ್ದೆ. ಒಲೆಯ ಮುಂದಿದ್ದ ಹೆಂಗಸರಿಗೆಲ್ಲ ಗೊತ್ತಿದ್ದ ವಿಷಯ ನನಗೆ ಮಾತ್ರ ತಿಳಿಯದಂತೆ ಅವರು ಎಷ್ಟು ಜಾಗ್ರತೆಯಿಂದ ನೋಡಿಕೊಂಡಿರಬೇಕು ಎಂದು ಯೋಚಿಸುತ್ತ ಕೊಪ್ಪದಲ್ಲಿ ಇಳಿದೆ. ಅವರು ಕಿಟಕಿಯಿಂದ, “ನಾಳೆ ಬತ್ತೀಯಲ್ಲ?” ಎಂದರು. ಮರುದಿನ ನಾನು ಹೋಗಲಿಲ್ಲ, ಆಮೇಲೂ ಇಲ್ಲ.

ಸುಮಾ ಮೇಡಂ ಮನೆಗೆ ಮಾತ್ರ ಹೋದೆ. ಅವರು ಸೀರೆಯನ್ನು ಮಡಚಿ ಕವರಿನಲ್ಲಿಟ್ಟಿದ್ದರು. ಕೋಪ ಮಾಡಲಿಲ್ಲ. “ಪ್ರತಿಯೊಂದು ಸೀರೇನೂ ನೀವು ಲ್ಯಾಬಲ್ಲಿ ಪರೀಕ್ಷೆ ಮಾಡ್ತೀರಿ ಅಂತ ಲಲಿತಕ್ಕ ಹೇಳಿದ್ರು, ಕೊಳ್ಳೋ ಮೊದಲು ಫೋನ್ ಮಾಡಿ ಕೇಳಿದಾಗ” ಎಂದರು.

ನನಗೆ ಯಾವ ಲ್ಯಾಬೂ ಇರಲಿಲ್ಲ. ಪರೀಕ್ಷೆ ಮಾಡಬೇಕೆಂದು ನನಗೆ ಅನಿಸಿಯೂ ಇರಲಿಲ್ಲ. “ನಾನು ಅವರನ್ನು ನಂಬಿದ್ದೆ” ಎಂದೆ.

“ನಾನು ನಿಮ್ಮನ್ನ ನಂಬಿದ್ದೆ” ಎಂದು ಹೇಳಿ ಅವರು ಕಾಫಿ ತರಲು ಒಳಗೆ ಹೋದರು.

ಲಲಿತಕ್ಕನನ್ನು ಆಮೇಲೆ ಒಮ್ಮೆ ಮಾತ್ರ ನೋಡಿದೆ, ಕೊಪ್ಪದ ಬಸ್ ನಿಲ್ದಾಣದಲ್ಲಿ. ಚಳಿಯ ಬೆಳಗ್ಗೆ ನಾನು ಆ ಹಳೆಯ ದುಪಟ್ಟಾ ಹೊದ್ದಿದ್ದೆ. ಅವರ ಕೈಯಿಂದ ಬಂದವುಗಳಲ್ಲಿ ನಾನು ಇಟ್ಟುಕೊಂಡದ್ದು ಅದೊಂದನ್ನೇ. ತಾನು ಚೊಗರೇ ಎಂದು ಹೇಳುವ ಅಂಥ ಗೆರೆ ಬೇರೆ ಯಾವುದರ ಮೇಲೂ ಇರಲಿಲ್ಲ.

ಅವರು ನೇರ ನನ್ನ ಹತ್ತಿರ ಬಂದರು. ಏನೂ ಆಗಿಲ್ಲವೆಂಬಂತೆ, “ಎಂತ, ಸಣ್ಣ ಆಗಿದೀಯಾ?” ಎಂದರು. ಕೈ ತಾನಾಗಿ ದುಪಟ್ಟಾದ ಅಂಚಿಗೆ ಬಂತು. ಹೆಬ್ಬೆರಳು ಉಜ್ಜುತ್ತ ಉಜ್ಜುತ್ತ ಮೇಲೇರಿ, ತಂತಿ ಬಿಟ್ಟ ಕಪ್ಪು ಗೆರೆಯ ಮೇಲೆ ನಿಂತಿತು. ಇದು ಯಾವುದರ ಮಗಳು ಎಂದು ಅವರು ಕೇಳುವುದನ್ನು ನಾನು ಕಾದೆ. ಉತ್ತರ ನನಗೆ ಬಾಯಿಪಾಠವಾಗಿತ್ತು, ಕೊನೆಯ ದಡ್ಡತನದ ಸಮೇತ.

ಅವರು ಕೇಳಲಿಲ್ಲ. “ನನ್ನ ಬಸ್ಸು ಬಂತು” ಎಂದು ಕೈ ತೆಗೆದರು. ಆಗ ನೋಡಿದೆ. ಆ ಕಪ್ಪು ಗೆರೆಯ ಮೇಲಿದ್ದ ಅವರ ಉಗುರು ಬೆಳ್ಳಗಿತ್ತು.