ಉಳಿಸಿಕೊಡಬೇಕಾಗಿದ್ದ ಹೆಪ್ಪು

ಅವರ ಮುಂಗೈಗಳಲ್ಲಿ ಒಂದು ಕೂದಲೂ ಇರಲಿಲ್ಲ. ಮೂವತ್ತು ವರ್ಷ ಹಡಗಿನ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು ಮೊಣಕೈವರೆಗೆ ಚರ್ಮವೆಲ್ಲ ಸುಟ್ಟು ನುಣ್ಣಗಾಗಿತ್ತು. ಮದ್ರಾಸಿನ ವಡಪಳನಿಯ ನಮ್ಮ ಹಳೆಯ ಮನೆಯಲ್ಲಿ ಮುಂದಿನ ಪೋರ್ಷನ್ ಅವರದು, ಹಿಂದಿನದು ನನ್ನದು. ಅವರು ಕುಂದಾಪುರದ ಕಡೆಯವರು, ಮದುವೆಯಾಗಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಓದಿ ರೈಲ್ವೆಯಲ್ಲಿ ಗುಮಾಸ್ತನಾಗಿದ್ದವನು. ಹೆಂಡತಿ ಹೋದ ಮೇಲೆ ಇಡೀ ದಿನದಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ.

ವಾರಕ್ಕೊಮ್ಮೆ ಕಾಸಿಮೇಡಿನ ಮೀನುಬಂದರಿಗೆ ಹೋಗಿ ಬರುವಾಗ ಗೇಟಿನಿಂದಲೇ ಕೂಗುವರು: "ರಾಯರೇ, ಬಾಗಿಲು ಹಾಕ್ಕೊಳ್ಳಿ, ಮೀನು ಬರ್ತಾ ಉಂಟು!"

ಹೋದ ಊರಿನಲ್ಲೆಲ್ಲ ಅಲ್ಲಿಯವರು ತಿನ್ನುವುದನ್ನೇ ತಿನ್ನಬೇಕೆಂಬುದು ಅವರ ಹಟ. "ಊರು ನೋಡಿದೆ ಅಂತ ಫೋಟೋ ತೋರಿಸುವವರನ್ನು ನಂಬಬೇಡಿ. ಎಂತ ತಿಂದ್ರಿ ಅಂತ ಕೇಳಿ" ಎನ್ನುವರು. ಐಸ್‌ಲ್ಯಾಂಡಿನಲ್ಲಿ ಅವರ ಹಡಗು ಕೆಟ್ಟು ಒಂದು ಚಳಿಗಾಲವೆಲ್ಲ ನಿಂತಿತ್ತಂತೆ. ಬಂದರಿನ ಹತ್ತಿರದ ಒಬ್ಬ ಅಜ್ಜಿ ಇವರನ್ನು ಮನೆಗೆ ಕರೆದು ಉಣಿಸಿದಳಂತೆ. ಬಿಸಿನೀರಿನ ಬುಗ್ಗೆಯ ಪಕ್ಕ ನೆಲದಲ್ಲಿ ಹೂತು ಒಂದು ದಿನ ಬೇಯಿಸಿದ ಕಪ್ಪು ರೊಟ್ಟಿ, ಗಾಳಿಗೆ ಒಣಗಿಸಿ ಬೆಣ್ಣೆ ಸವರಿದ ಮೀನು, ಕಣ್ಣು ಸಮೇತ ಬೇಯಿಸಿದ ಕುರಿಯ ತಲೆ, ತಿಂಗಳುಗಟ್ಟಲೆ ಹುಳಿಬರಿಸಿ ತೂಗುಹಾಕಿದ ಶಾರ್ಕ್ ಮೀನು.

"ಅದರ ವಾಸನೆ ಹೇಗೆ ಅಂದ್ರೆ, ನಮ್ಮ ಬಸ್ ಸ್ಟ್ಯಾಂಡಿನ ಗೋಡೆ ಉಂಟಲ್ಲ..."

"ಕೃಷ್ಣ ಕೃಷ್ಣ! ಸಾಕು ನಿಲ್ಲಿಸಿ, ಈಗಷ್ಟೇ ಸಾಪಾಡು ಮುಗಿಸಿದ್ದೀನಿ."

"ನಿಲ್ಲಿಸ್ತೇನೆ ಮಾರಾಯ್ರೆ. ಮತ್ತೆ ಕುರ್ಚಿ ಯಾಕೆ ಹತ್ತಿರ ಎಳೆದದ್ದು?"

ಆ ಅಜ್ಜಿ ಹೊರಡುವಾಗ ಕೊಟ್ಟದ್ದು ಹೆಪ್ಪು. ಸ್ಕೀರ್ ಎಂಬ ಗಟ್ಟಿ ಮೊಸರಿನದು. ಬಟ್ಟೆಗೆ ಸವರಿ ಒಣಗಿಸಿ, ಪೆಟ್ಟಿಗೆಯಲ್ಲಿಟ್ಟು ತಂದು, ಮದ್ರಾಸಿನ ಈ ಸೆಕೆಯಲ್ಲಿ ಹದಿನಾಲ್ಕು ವರ್ಷ ಅದನ್ನು ಉಳಿಸಿಕೊಂಡಿದ್ದರು. ನಾಲ್ಕೈದು ದಿನಕ್ಕೊಮ್ಮೆ ಹೊಸ ಹಾಲಿಗೆ ಹಾಕಿ, ಸೋಸಿ, ಬಟ್ಟಲಲ್ಲಿ ಚಮಚ ನಿಲ್ಲಿಸಿ ತೋರಿಸುವರು. ನನಗೂ ನೀಡುವರು. ನಾನು ಬೇಡವೆಂದು ಕೈಮುಗಿಯುತ್ತಿದ್ದೆ. ಹಿಂದಿನ ಕಾಲದಲ್ಲಿ ಅಲ್ಲಿಯವರು ಅದಕ್ಕೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರಸ ಹಾಕುತ್ತಿದ್ದರೆಂದು ಒಮ್ಮೆ ಅವರೇ ಹೇಳಿದ್ದರು.

ಎರಡು ವರ್ಷದ ಹಿಂದೆ ಅವರಿಗೆ ಹೊಟ್ಟೆಯ ಆಪರೇಷನ್ ಆಯಿತು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಸ್ಟೀಲ್ ಡಬ್ಬಿ ನನ್ನ ಕೈಗಿಟ್ಟು, "ಇದೊಂದನ್ನು ಸಾಯಲು ಬಿಡಬೇಡಿ ರಾಯರೇ. ನಮ್ಮಿಬ್ಬರ ಹೆಪ್ಪು ಇದು, ಆಯ್ತಾ?" ಎಂದರು. ನಾನು ತಲೆಯಾಡಿಸಿದೆ.

ಡಬ್ಬಿಯನ್ನು ಒಳಗೆ ತರಲಿಲ್ಲ. ಆಟೋ ತಿರುವು ದಾಟುವವರೆಗೆ ನಿಂತಿದ್ದು, ಹೊರಗಿನ ಬಚ್ಚಲಿಗೆ ಸುರಿದು, ಹುಣಸೆಹಣ್ಣು ಹಾಕಿ ಡಬ್ಬಿ ತಿಕ್ಕಿದೆ. ಆಮೇಲೆ ಸ್ನಾನ ಮಾಡಿದೆ. ಮಡಿ ಉಳಿಯಿತೆಂದು ಅಂದು ನೆಮ್ಮದಿಯಾಗಿ ಊಟ ಮಾಡಿದ್ದೂ ನೆನಪಿದೆ.

ಮೂರು ವಾರದ ನಂತರ ಅವರು ಬರುವ ದಿನ ನಮ್ಮ ಮನೆಯ ಮೊಸರನ್ನೇ ಬಟ್ಟೆಯಲ್ಲಿ ಕಟ್ಟಿ, ನೀರಿಳಿಸಿ, ಅದೇ ಡಬ್ಬಿಗೆ ತುಂಬಿಟ್ಟೆ. ಅವರು ಸೊರಗಿ ಇಳಿದುಹೋಗಿದ್ದರು. ಮುಂಬಾಗಿಲ ತಿಣ್ಣೆಯ ಮೇಲೆ ಕೂತು ಮೊದಲು ಕೇಳಿದ್ದು ಅದನ್ನೇ. ಬಟ್ಟಲಿಗೆ ಹಾಕಿಕೊಟ್ಟೆ. ಒಂದು ಚಮಚ ಬಾಯಿಗಿಟ್ಟು ಬಹಳ ಹೊತ್ತು ನುಂಗಲಿಲ್ಲ.

"ಕರುವಿನ ವಿಷಯಕ್ಕಾ ರಾಯರೇ?"

ನಾನು ಡಬ್ಬಿಯ ಮುಚ್ಚಳ ಹಾಕತೊಡಗಿದೆ.

"ಅದನ್ನು ನಾನು ಒಂದು ದಿನವೂ ಹಾಕಲಿಲ್ಲ. ಅಜ್ಜಿಯೂ ಹಾಕ್ತಿರಲಿಲ್ಲ. ನೀವು ಎಂದಾದರೂ ತಿನ್ನಬಹುದು ಅಂತ ಪಾತ್ರೆ ಸಹ ಬೇರೆ ಇಟ್ಟಿದ್ದೆ. ಒಂದು ಮಾತು ಕೇಳಬಹುದಿತ್ತಲ್ಲ."

"ನೀವೇನು ಹೇಳ್ತಿದ್ದೀರೋ ಗೊತ್ತಾಗಲಿಲ್ಲ. ಇದು ಅದೇ" ಎಂದೆ.

ಅವರು ನನ್ನ ಮುಖ ನೋಡಿ ಮೆಲ್ಲಗೆ ನಕ್ಕರು. "ಆಗಲಿ. ನಿಮ್ಮನೆ ಮೊಸರೂ ಒಳ್ಳೆಯದೇ ಉಂಟು" ಎಂದು ಬಟ್ಟಲು ಖಾಲಿ ಮಾಡಿದರು. ಆಮೇಲೆ ಎಂದೂ ಆ ಮಾತೆತ್ತಲಿಲ್ಲ. ನನ್ನೊಡನೆ ಮಾತು ಬಿಡಲೂ ಇಲ್ಲ. ಆದರೆ ದೂರದೂರಿನ ಊಟದ ಕತೆಗಳು ನಿಂತವು. ಸಂಜೆ ಇಬ್ಬರೂ ತಿಣ್ಣೆಯ ಮೇಲೆ ಕೂತು ಬಿಸಿಲಿನ ಬಗ್ಗೆ, ನೀರಿನ ಲಾರಿಯ ಬಗ್ಗೆ ಮಾತಾಡಿ ಏಳುತ್ತಿದ್ದೆವು. ಕ್ಷಮೆ ಕೇಳಬೇಕೆಂದು ದಿನವೂ ಅಂದುಕೊಳ್ಳುವೆ. ನಾಳೆ ಎಂದುಕೊಳ್ಳುವೆ. ಹೀಗೇ ಏಳು ತಿಂಗಳು. ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತಹಾಗೇ ಹೋಗಿಬಿಟ್ಟರು.

ಮನೆ ಖಾಲಿ ಮಾಡಲು ಊರಿಂದ ಅವರ ತಂಗಿಯ ಮಗಳು ಬಂದಿದ್ದಳು. ಪಾತ್ರೆಗಳನ್ನು ಕಟ್ಟಿಟ್ಟು ಹೊರಡುವಾಗ ನನ್ನ ಬಾಗಿಲಿಗೆ ಬಂದಳು.

"ಅಂಕಲ್, ಮಾವ ಯಾವುದೋ ಐಸ್‌ಲ್ಯಾಂಡಿನ ಮೊಸರು ಮಾಡ್ತಿದ್ರಲ್ಲ, ಅದರ ಹೆಪ್ಪು ನಿಮ್ಮ ಹತ್ರ ಉಂಟು ಅಂತ ಫೋನಿನಲ್ಲಿ ಹೇಳಿದ್ರು. ಸ್ವಲ್ಪ ಕೊಡ್ತೀರಾ?"

ಅವರು ಅವಳೆದುರೂ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ಇನ್ನೊಂದು ಸುಳ್ಳಿಗೆ ನಾಲಿಗೆ ಏಳಲಿಲ್ಲ.

"ಇಲ್ಲಮ್ಮ. ಚೆಲ್ಲಿಬಿಟ್ಟೆ."

"ಅಯ್ಯೋ, ಹಾಳಾಗಿತ್ತಾ?"

"ಇಲ್ಲ. ಹಾಳಾಗಿರಲಿಲ್ಲ. ಬೇಕೂಂತ್ಲೇ ಚೆಲ್ಲಿದೆ."

ಅವಳು ಕೈಲಿದ್ದ ಗಂಟನ್ನು ಕೆಳಗಿಟ್ಟು, "ರುಚಿ ಹೇಗಿತ್ತು ಅಂತಾದರೂ ಹೇಳಿ" ಎಂದಳು.

ಅದೂ ನನಗೆ ಗೊತ್ತಿರಲಿಲ್ಲ.